ರೇವಕ್ಕನ ಲೋಟ

ಚೌಬಾರದ ಹಿಂದ ನಂದೊಂದು ಡಬ್ಬಿ ಹೋಟ್ಲು.
ದಿನಾ ಕುದಿಯೋದು ಚಾ. ಕಾಫಿ ಕೇಳವ್ರು ವರ್ಷಕ್ಕೊಬ್ರು.
ಅಂಥವ್ರಿಗಂತ ಒಂದು ಶೀಶೆ, ಬಿಸ್ಕೀಟಿನ ಬರಣಿ ಹಿಂದ,
ಪುಡಿ ಕಲ್ಲಾಗಿ ಕುಂತಿತ್ತು.

ಆಕಿ ಬಂದ್ಳು. ತಲಿಗಿ ಅರಿವಿ ಕಟ್ಕೊಂಡಿದ್ಳು,
ನಾ ಸೆರಗು ಹೊದ್ದಂಗೇ.
ರಿವ್ಕಾ ಅಂದ್ಳು ಹೆಸರು. ನನ್ನ ನಾಲಿಗಿ ರೇವಕ್ಕ ಅಂತು.
ಇಬ್ರಿಗೂ ನಡೀತು.

ಬಿದರಿ ಕೆಲಸ ಕಲೀಲಿಕ್ಕ ಸಮುದ್ರ ದಾಟಿ ಬಂದಾಳಂತ.
ಶಬ್ಬೀರನ ಕಾರ್ಖಾನಿಯಾಗ ಬೆಳ್ಳಿ ತಂತಿ ಬಡೀತಾಳ,
ಕಿಲ್ಲೇದ ಮಣ್ಣು ಕಲಸಿ ಹೂಜಿ ಕರ್ರಗ ಮಾಡ್ತಾಳ.
ಬೆರಳು ಕರ್ರಗ, ಉಗುರು ಕರ್ರಗ,
ಕುಡಿಯೋ ಕಾಫೀನೂ ಕರ್ರಗ.
ಶೀಶೆ ತಿರುಗಿಸಿ ತಿರುಗಿಸಿ ಸಣ್ಣಕ್ಷರ ಓದಿದ್ಳು,
ಮದ್ದಿನ ಚೀಟಿ ಓದಿದಂಗ.
"ಇದು ಆಗ್ತದ. ಹಾಲು ಬ್ಯಾಡ."
ಚೀಲದಾಗಿಂದ ತೆಗದ್ಳು ಲೋಟ. ಸ್ಟೀಲಿಂದು. ತನ್ನದು.

ನನ್ನ ಕೈ ನಿಂತೇ ಹೋತು.

ನಮ್ಮಪ್ಪಗ ಹುಮನಾಬಾದ ರೋಡಿನ ಹೋಟ್ಲಾಗ
ಹೊರಗಿನ ಮಾಡದಾಗ ಒಂದು ಕಪ್ ಇಡ್ತಿದ್ರು, ಕಿವಿ ಮುರದದ್ದು.
ಕುಡದು, ತಾನೇ ತೊಳದು, ತಾನೇ ಬೋರಲು ಹಾಕ್ಬೇಕು.
ಚಾ ಮ್ಯಾಲಿಂದ ಸುರೀತಿದ್ರು, ಮುಟ್ಟದಂಗ.
ಅರ್ಧ ಚಾ ಅಂಗೈ ಮ್ಯಾಲ.
ನಾ ಸಣ್ಣಾಕಿ, ಅಪ್ಪನ ಧೋತರ ಹಿಡದು ನಿಂತಿದ್ದೆ.

"ನಮ್ಮ ಲೋಟಕ್ಕೇನಾಗ್ಯದ?"
ಕೇಳೇಬಿಟ್ಟೆ, ಅರ್ಧ ಹಿಂದಿ, ಅರ್ಧ ಕೈಸನ್ನಿ.

ಆಕಿ ಸಿಟ್ಟಿಗೇಳಲಿಲ್ಲ. ಬಾಕಿನ ಮ್ಯಾಲ ಕುಂತ್ಳು.
ಮಾಂಸದ ಗಡಿಗಿ ಬ್ಯಾರೆ, ಹಾಲಿಂದು ಬ್ಯಾರೆ ಅಂತ ಅವ್ರಾಗ.
ಮಾಂಸ ತಿಂದ್ರ ಆರು ತಾಸು ಹಾಲಿಲ್ಲಂತ.
ಮರೀನ ತಾಯಿ ಹಾಲಾಗ ಬೇಯಿಸಬಾರದು,
ಮೂಲದಾಗ ಅಷ್ಟೇ ಮಾತು, ಉಳದದ್ದೆಲ್ಲಾ ಬೇಲಿ.
"ನೀ ಮುಟ್ಟಿದ್ರ ಮೈಲಿಗಿ ಅಂತಲ್ಲ.
ಲೋಟ ಹಿಂದ ಏನೇನು ಕುಡದದ, ನನಗ ತಿಳದಿರಬೇಕು."

ಮತ್ತ ಹಾಲು?
"ಹಿಂಡೋದು ನನ್ನ ಕಣ್ಣಿಲೆ ನೋಡ್ಬೇಕು."

ನಕ್ಕೆ. ನಾವೂ ಹಾಲಿನ ಮ್ಯಾಲ ಕಣ್ಣಿಡ್ತೀವಿ, ನೀರಿಗಂತ.
ಆಕೀಗ ನೀರಿನ ಚಿಂತಿಲ್ಲ,
ಕತ್ತಿ ಹಾಲು, ಒಂಟಿ ಹಾಲು ಬೆರಸ್ಯಾರೇನಂತ!
ಯವ್ವಾ, ಕತ್ತಿ ಹಾಲು ಚಮಚಕ್ಕ ಐವತ್ತು ರೂಪಾಯಿ,
ಚಾಕ್ಕ ಹಾಕಾಂವ ನವಾಬನೇ ಇರಬೇಕು.

ಮರುದಿನ ನಸಿಕಿನ್ಯಾಗ ಮೈಲೂರು, ಲಾಲಪ್ಪನ ಕೊಟ್ಟಿಗಿ.
"ಏನಬೇ ಝರೆಮ್ಮ, ಜಪ್ತಿಗಿ ಬಂದಂಗ ಬಂದೀದಿ" ಅಂದ,
ಮಾರಿ ಗಂಟು ಹಾಕ್ಕೊಂಡೇ ಕರಾ ಬಿಟ್ಟ.
ಎಮ್ಮಿ ಸೊರ ಬಿಡ್ತು.
ಆಕಿ ಮೊದ್ಲು ಬಕೀಟಿನ ತಳ ನೋಡಿದ್ಳು,
ಆಮ್ಯಾಲ ಮಲಿ ನೋಡ್ಲತ್ತಿದ್ಳು, ರೆಪ್ಪಿ ಬಡೀದಂಗ,
ಚರ್‍ರ್, ಚರ್‍ರ್, ನೊರಿ ಏರ್ಲತ್ತಿತ್ತು.
ನಾ ಆಕೀನ ನೋಡ್ಲತ್ತಿದ್ದೆ.

ಅಪ್ಪನ ಕಪ್ಪಿನ ಕಡಿ ಹಿಂಗ ಯಾರೂ ನೋಡಿರಲಿಲ್ಲ.
ಅಲ್ಲಿ ಎಲ್ರೂ ಕಣ್ಣು ತಪ್ಪಿಸೋರೇ.

ಆಟೋದಾಗ ದಾರಿಯುದ್ದಕ್ಕೂ ಕ್ಯಾನು ಆಕೀ ತೊಡೀ ಮ್ಯಾಲ.
ಓಲ್ಡ್ ಸಿಟಿ ಗುಂಡಿ ಬಂದಾಗೊಮ್ಮೆ ಕೂಸಿನಂಗ ಅವಚಿಕೊಂಡ್ಳು.
ಹೊಸಾ ಪಾತ್ರಿ ಒಂದು ಕೊಂಡಿದ್ಳು, ಗವಾನ್ ಚೌಕಿನಾಗ,
ಅದರಾಗೇ ಕಾಸಿದೆ.
ಕಲ್ಲಾದ ಕಾಫಿ ಚಮಚದಿಂದ ಕುಟ್ಟಿ ಹಾಕಿದೆ.

ಕುಡದ್ಳು. ಕಣ್ಣು ಮುಚ್ಚಿದ್ಳು.
ಹದಿನೇಳು ದಿನ ಆಗಿತ್ತಂತ ಹಾಲು ಬಾಯಿಗಿ ಬೀಳದೆ.
"ನೀನೂ" ಅಂತ ನನ್ನ ಗಾಜಿನ ಗಿಲಾಸ ಎಳಕೊಂಡ್ಳು,
ಪಾತ್ರಿ ಎತ್ತಿದ್ಳು, ಮ್ಯಾಲಿಂದ ಸುರದ್ಳು,
ಗಿಲಾಸಕ್ಕ ಮುಟ್ಟದಂಗ.

ಯಾಕಂತ ಕೇಳಲಿಲ್ಲ. ಅದಕ್ಕೂ ಒಂದು ಬೇಲಿ ಇರಬೇಕು,
ಕೇಳಿದ್ರ ಹೇಳ್ತಿದ್ಳು, ಸುಳ್ಳಾಡೋ ಮಾರಿ ಅಲ್ಲ ಅದು.
ಅಂಗೈ ಮ್ಯಾಲ ಒಂದು ಹನಿ ಬಿತ್ತು.
ಒರೆಸ್ಕೊಳ್ಳಲಿಲ್ಲ.

ಎರಡೂ ಕೈಯಿಲೆ ಎತ್ತಿ ಕುಡದೆ.
ಒಂದು ಗುಟುಕು ಅಪ್ಪನ್ನ ನೆನಸ್ಕೊಂಡು,
ಇನ್ನೊಂದು ಆಕೀ ಮಾರಿ ನೋಡ್ಕೊಂತ.
ಸಕ್ರಿ ಜರಾ ಜಾಸ್ತಿ ಆಗಿತ್ತು.